ಅಪ್ಪನಿಂದ ಬಂದ ಬೊಕ್ಕತಲೆ ಊಟಕ್ಕೆ ಬಗ್ಗುತ್ತದಾ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತಿ ನಿಂತರೆ, ಕೂತವರ ನೆತ್ತಿ ನೋಡುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಇಪ್ಪತ್ತೈದರ ಹುಡುಗರಿಗೂ ಸುಳಿಯ ಹತ್ತಿರ ಚರ್ಮ ಕಾಣುತ್ತದೆ. ನನ್ನದೂ ಅದೇ ಕಥೆ. ಊರಿಂದ ದೊಡ್ಡಮ್ಮ ಫೋನ್ ಮಾಡಿದಾಗಲೆಲ್ಲ "ಮಗಾ, ನುಗ್ಗೆಸೊಪ್ಪು ತಿನ್ನು, ಉದುರೋದು ನಿಲ್ಲತ್ತೆ" ಅನ್ನುತ್ತಾರೆ.

ನಿಲ್ಲುವುದಿಲ್ಲ. ವಂಶದಿಂದ ಬಂದದ್ದಾದರೆ ಖಂಡಿತ ಇಲ್ಲ. ನಮ್ಮ ದೇಹ ಟೆಸ್ಟೋಸ್ಟಿರಾನ್‌ನಿಂದ ಡಿಎಚ್‌ಟಿ ಅನ್ನುವ ಹಾರ್ಮೋನು ಮಾಡಿಕೊಳ್ಳುತ್ತದೆ, ಕೆಲವರ ಕೂದಲ ಬುಡಕ್ಕೆ ಅದು ಹುಟ್ಟಿನಿಂದಲೇ ಆಗಿಬರುವುದಿಲ್ಲ, ಬುಡ ವರ್ಷದಿಂದ ವರ್ಷಕ್ಕೆ ಸಣ್ಣದಾಗಿ ದಪ್ಪ ಕೂದಲಿನ ಜಾಗದಲ್ಲಿ ಎಳೆ ರೋಮ ಬರುತ್ತದೆ. (ಸೋದರಮಾವನ ತಲೆ ನೋಡಿ ಭವಿಷ್ಯ ಹೇಳುವವರಿದ್ದಾರೆ. ಅಪ್ಪನ ಕಡೆಯ ಜೀನುಗಳಿಗೂ ಪಾಲಿದೆ.) ಆದರೆ ಇದರ ಮೇಲೆ ಇನ್ನೊಂದು ಉದುರುವಿಕೆ ಸೇರಿಕೊಂಡಿರಬಹುದು. ಊಟ ತಡೆಯುವುದು ಅದನ್ನು.

ಹಾಗಾಗಿ ಮೊದಲು ನಿಮ್ಮದು ಯಾವುದು ಅಂತ ನೋಡಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು. ಹಣೆಯ ಎರಡು ಮೂಲೆ ಹಿಂದೆ ಸರಿದು, ಸುಳಿ ತೆಳ್ಳಗಾಗಿ, ಹಿಂದಲೆ ಮಾತ್ರ ಗಟ್ಟಿಯಾಗಿದ್ದರೆ ಅದು ಅಪ್ಪ-ಅಜ್ಜನ ಆಸ್ತಿ. ಇಡೀ ತಲೆಯಿಂದ ಹಿಡಿ ಹಿಡಿಯಾಗಿ ಬಂದರೆ, ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ಅಂತ ನೆನಪಿಸಿಕೊಳ್ಳಿ. ಜೋರು ಜ್ವರ? ಡೆಂಗಿ? ಡಯೆಟ್?

ನನಗೆ ಆಗಿದ್ದು ಮೂರನೆಯದು. ಮದುವೆಗೆ ಮುಂಚೆ ಹೊಟ್ಟೆ ಇಳಿಸಲು ರಾತ್ರಿ ಊಟಕ್ಕೆ ಸುಮ್ನೆ ಸೌತೆಕಾಯಿ ತಿಂದೆ. ಹೊಟ್ಟೆ ಇಳಿಯಿತು. ಮದುವೆ ಮುಗಿದ ಮೇಲೆ ಒಂದಿನ ಬಚ್ಚಲ ಜಾಲಿಯಿಂದ ಇಲಿಮರಿಯಷ್ಟು ದೊಡ್ಡ ಕೂದಲುಂಡೆ ತೆಗೆದೆ. ಗಾಬರಿಯಲ್ಲಿ ಓಡಿದ ಕ್ಲಿನಿಕ್ಕಿನವರು ಆರು ತಿಂಗಳ ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ಮಾತ್ರೆ ಕೊಟ್ಟರು, ಏನು ತಿನ್ನುತ್ತೀಯಾ ಅಂತ ಮಾತ್ರ ಕೇಳಲಿಲ್ಲ.

ಆಮೇಲೆ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಥೈರಾಯ್ಡ್, ಇಷ್ಟರಲ್ಲಿ ಏನೇನು ಬೇಕು ಅಂತ ಡಾಕ್ಟರ್ ಹೇಳುತ್ತಾರೆ. ಬಯೋಟಿನ್ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಜಾಸ್ತಿ ಪ್ರಮಾಣದಲ್ಲಿ ತಗೊಂಡರೆ ಥೈರಾಯ್ಡ್ ರಿಪೋರ್ಟೇ ತಪ್ಪು ಬರಬಹುದು.

ಈಗ ತಟ್ಟೆಗೆ ಬನ್ನಿ. ಕೂದಲು ಅಂದರೆ ಕೆರಟಿನ್, ಅದೊಂದು ಪ್ರೋಟೀನು. ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಲೆಕ್ಕ ಹಿಡಿದರೆ, 70 ಕಿಲೋ ಗಂಡಸಿಗೆ 58 ಗ್ರಾಂ ಪ್ರೋಟೀನು ಬೇಕು. ಸ್ಟೇಷನ್ನಿನ ವಡಾಪಾವ್, ಕಟಿಂಗ್ ಚಹಾದಲ್ಲಿ ಅದು ಎಲ್ಲಿ ಸಿಗಬೇಕು ಹೇಳಿ? ಮಾಟುಂಗಾದ ಇಡ್ಲಿ ನನಗೂ ಪ್ರಾಣವೇ, ಆದರೆ ಚಟ್ನಿ ಕಡಿಮೆ ಮಾಡಿ ಸಾಂಬಾರ್ ಇನ್ನೊಂದು ಬಟ್ಟಲು ಹಾಕಿಸಿಕೊಳ್ಳಿ. ಎರಡು ಮೊಟ್ಟೆಯಿಂದ ಸುಮಾರು 12 ಗ್ರಾಂ ಬರುತ್ತದೆ. ಬೇಯಿಸಿಯೇ ತಿನ್ನಿ, ಹಸಿ ಬಿಳಿಭಾಗ ಬಯೋಟಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೀನು ತಿನ್ನುವವರಿಗೆ ಬಂಗುಡೆ, ಉಳಿದವರಿಗೆ ಹುರುಳಿ ಸಾರು, ಮೊಳಕೆ ಹೆಸರುಕಾಳು, ಮೊಸರು. ಕಬ್ಬಿಣಕ್ಕೆ ನಮ್ಮ ಬಿಲ್ಡಿಂಗಿನ ಮರಾಠಿ ಕಾಕು ಬಾಣಂತಿಗೆ ಮಾಡುವ ಅಳೀವ್ ಲಾಡು ಇದೆಯಲ್ಲ, ಅದು ನಮ್ಮ ಅಳ್ವಿ ಬೀಜದ್ದೇ. ದೊಡ್ಡಮ್ಮನ ನುಗ್ಗೆಸೊಪ್ಪೂ ಇರಲಿ. ಪಲ್ಯಕ್ಕೆ ನಿಂಬೆ ಹಿಂಡಿ, ಊಟದ ಹಿಂದೆಯೇ ಚಹಾ ಕುಡಿಯಬೇಡಿ, ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕೊರತೆ ಇಲ್ಲದೆ ಮಾತ್ರೆ ಬೇಡ. ವಿಟಮಿನ್ ಎ, ಸೆಲೆನಿಯಂ ಜಾಸ್ತಿಯಾದರೆ ಅದಕ್ಕೇ ಕೂದಲು ಉದುರುತ್ತದೆ.

ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಅದಕ್ಕೇ ದಿನಾ ಕನ್ನಡಿ ನೋಡಬೇಡಿ. ತಿಂಗಳಿಗೊಮ್ಮೆ ಅದೇ ದೀಪದ ಕೆಳಗೆ ನೆತ್ತಿಯ ಫೋಟೋ ತೆಗೆದಿಡಿ. ನನ್ನ ಜಾಲಿ ಐದಾರು ತಿಂಗಳಲ್ಲಿ ಖಾಲಿಯಾಯಿತು. ಹಣೆ ಮಾತ್ರ ಸರಿಯುತ್ತಲೇ ಇತ್ತು.

ನಿಮ್ಮದೂ ಹಾಗೇ ಸರಿಯುತ್ತಿದ್ದರೆ, ಊಟ ಸರಿಹೋಗಲಿ ಆಮೇಲೆ ನೋಡೋಣ ಅಂತ ಕೂರದೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಪೂರ್ತಿ ಸತ್ತ ಬುಡ ಎಬ್ಬಿಸುವುದಕ್ಕಿಂತ ಇದ್ದದ್ದನ್ನು ಉಳಿಸುವುದು ಸುಲಭ. ಹಚ್ಚುವ ಮಿನಾಕ್ಸಿಡಿಲ್ ಇದೆ, ನುಂಗುವ ಫಿನಾಸ್ಟರೈಡ್ ಇದೆ. ಎರಡನೆಯದಕ್ಕೆ ಅಮೆರಿಕದಲ್ಲಿ 1997ರಲ್ಲೇ ಗಂಡಸರ ಬೊಕ್ಕತಲೆಗೆಂದು ಒಪ್ಪಿಗೆ ಸಿಕ್ಕಿದೆ, ಡಿಎಚ್‌ಟಿ ಕಡಿಮೆ ಮಾಡುವುದು ಅದೇ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಆದ್ದರಿಂದ ಮೆಡಿಕಲ್ ಅಂಗಡಿಯವನನ್ನು ಕೇಳಿ ತಗೊಳ್ಳುವ ಮಾತ್ರೆ ಅದಲ್ಲ. ಯಾವುದನ್ನು ಶುರು ಮಾಡಿದರೂ ಬಿಟ್ಟ ಕೆಲವು ತಿಂಗಳಲ್ಲಿ ಉಳಿದದ್ದು ಮತ್ತೆ ಉದುರುತ್ತದೆ. ಎಷ್ಟು ವರ್ಷ, ತಿಂಗಳಿಗೆ ಎಷ್ಟು ಖರ್ಚು ಅಂತ ಮೊದಲ ದಿನವೇ ಕೇಳಿಕೊಳ್ಳಿ.