ಲೋಳೆಸರದ ಹಳದಿ ರಸ: ನನ್ನ ಅನುಭವ

ಮೊದಲ ಸಲ ಲೋಳೆಸರದ ಜ್ಯೂಸ್ ಮಾಡಿದಾಗ ನಾನು ಇಡೀ ಎಲೆಯನ್ನು ಮಿಕ್ಸಿಗೆ ಹಾಕಿದ್ದೆ. ಅಂಚಿನ ಮುಳ್ಳು ತೆಗೆದು, ತೊಳೆದು, ಸಿಪ್ಪೆ ಸಮೇತ ರುಬ್ಬಿದ್ದೆ. ಸಿಪ್ಪೆಯಲ್ಲೇ ಸತ್ವ ಇರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿದ್ದೆ. ನಾಲಿಗೆಗೆ ತಾಗಿದರೆ ವಿಪರೀತ ಕಹಿ. ಔಷಧಿ ಅಂದ ಮೇಲೆ ಕಹಿ ಇರಲೇಬೇಕಲ್ವಾ ಎಂದು ರಾತ್ರಿ ಒಂದು ಲೋಟ ಪೂರ್ತಿ ಕುಡಿದು ಮಲಗಿದೆ. ಬೆಳಗಿನ ಜಾವ ಹೊಟ್ಟೆ ನುಲಿಯತೊಡಗಿತು. ಮಧ್ಯಾಹ್ನದವರೆಗೆ ಭೇದಿ ನಿಲ್ಲಲಿಲ್ಲ. ಎದ್ದು ನಿಂತರೆ ಕಾಲು ನಡುಗುತ್ತಿತ್ತು.

ಆಮೇಲೆ ಒಂದು ಎಲೆ ಕತ್ತರಿಸಿ ನಿಧಾನವಾಗಿ ನೋಡಿದೆ. ಹೊರಗೆ ಹಸಿರು ಸಿಪ್ಪೆ, ಒಳಗೆ ಗಾಜಿನಂಥ ಲೋಳೆ. ಇವೆರಡರ ನಡುವೆ, ಸಿಪ್ಪೆಗೆ ಅಂಟಿಕೊಂಡಂತೆ, ಹಳದಿ ರಸ ಜಿನುಗುತ್ತದೆ. ನನ್ನ ಹೊಟ್ಟೆ ಕೆಡಿಸಿದ್ದು ಆ ಹಳದಿ ರಸ. ಅದರಲ್ಲಿ ಅಲೋಯಿನ್ ಎಂಬ ಕಹಿ ವಸ್ತು ಇದೆ. ಅದು ದೊಡ್ಡ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ. ಇದೇ ರಸವನ್ನು ಒಣಗಿಸಿದರೆ ಕರಿಬೋಳ. ಹಿಂದಿನಿಂದಲೂ ಅದನ್ನು ಭೇದಿ ಮಾಡಿಸಲು ಕೊಡುತ್ತಿದ್ದರು, ಆದರೆ ಅಳತೆ ಗೊತ್ತಿದ್ದವರು ಕೊಡುತ್ತಿದ್ದರು. ನಾನು ಅಳತೆಯೇ ಇಲ್ಲದೆ ಕುಡಿದಿದ್ದೆ.

ಇದು ಬರೀ ಹೊಟ್ಟೆನೋವಿನ ಮಾತಲ್ಲ. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಡಾಕ್ಟರ ಚೀಟಿ ಇಲ್ಲದೆ ಮಾರುತ್ತಿದ್ದ, ಭೇದಿ ಮಾಡಿಸುವ ಲೋಳೆಸರದ ಔಷಧಿಗಳನ್ನು ನಿಲ್ಲಿಸಿತು. ಅವು ಸುರಕ್ಷಿತ ಎಂದು ತೋರಿಸುವಷ್ಟು ಮಾಹಿತಿ ಇರಲಿಲ್ಲ. ಮುಂದೆ ಒಂದು ಪ್ರಯೋಗದಲ್ಲಿ ಹಳದಿ ಅಂಶ ತೆಗೆಯದ ಇಡೀ ಎಲೆಯ ಸಾರವನ್ನು ಇಲಿಗಳಿಗೆ 2 ವರ್ಷ ನೀರಿನಲ್ಲಿ ಬೆರೆಸಿ ಕೊಟ್ಟರು. ಅವುಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಡೀ ಎಲೆಯ ಸಾರವನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಎಂಬ 2ಬಿ ಗುಂಪಿಗೆ ಸೇರಿಸಿದೆ. ಇಲಿಗೆ ಆದದ್ದು ಮನುಷ್ಯರಿಗೂ ಆಗಿಯೇ ಆಗುತ್ತದೆ ಎಂದಲ್ಲ. ಆದರೂ ಸಿಪ್ಪೆ ಸಮೇತ ರುಬ್ಬುವುದನ್ನು ನಾನು ಅಂದೇ ಬಿಟ್ಟೆ.

ಈಗ ಎಲೆ ತೆಗೆಯುವ ರೀತಿಯೇ ಬೇರೆ. ಗಿಡದ ನಡುವಿನ ಎಳೆ ಎಲೆ ಮುಟ್ಟುವುದಿಲ್ಲ. ಹೊರಗಿನ, ದಪ್ಪಗೆ ಬೆಳೆದ ಎಲೆಯನ್ನು ಬುಡದಲ್ಲಿ ಕೊಯ್ಯುತ್ತೇನೆ. ಕೊಯ್ದ ಬದಿ ಕೆಳಗೆ ಬರುವಂತೆ ಒಂದು ಲೋಟದಲ್ಲಿ ಓರೆಯಾಗಿ ನಿಲ್ಲಿಸುತ್ತೇನೆ. 15 ನಿಮಿಷದಲ್ಲಿ ಲೋಟದ ತಳದಲ್ಲಿ ಹಳದಿ ರಸ ಸೇರಿರುತ್ತದೆ. ಗಡಿಬಿಡಿ ಇದ್ದ ದಿನ ನಾನು ಎಲೆ ಕೊಯ್ಯುವುದೇ ಇಲ್ಲ, ಯಾಕೆಂದರೆ ಈ ಕಾಯುವಿಕೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ರಸ ಇಳಿದ ಮೇಲೆ ಎಲೆ ತೊಳೆದು, ಎರಡೂ ಅಂಚಿನ ಮುಳ್ಳು ಕತ್ತರಿಸಿ, ಸಿಪ್ಪೆಯನ್ನು ಸ್ವಲ್ಪ ದಪ್ಪವಾಗಿಯೇ ಹೆರೆಯುತ್ತೇನೆ. ಲೋಳೆ ಸ್ವಲ್ಪ ಹಾಳಾದರೂ ಪರವಾಗಿಲ್ಲ. ಹಳದಿ ಅಥವಾ ಹಸಿರು ಗೆರೆ ಉಳಿದಿದ್ದರೆ ಅದನ್ನೂ ಕೆತ್ತಿ ತೆಗೆಯುತ್ತೇನೆ. ಲೋಳೆಯ ತುಂಡುಗಳನ್ನು ಎರಡು ಮೂರು ಸಲ ನೀರು ಬದಲಿಸಿ ತೊಳೆಯುತ್ತೇನೆ. ಕೊನೆಗೆ ಒಂದು ಚೂರು ನಾಲಿಗೆಗೆ ಮುಟ್ಟಿಸುತ್ತೇನೆ. ಸಪ್ಪೆ ಇದ್ದರೆ ಸರಿ. ಕಹಿ ಇದ್ದರೆ ಇನ್ನೊಮ್ಮೆ ತೊಳೆಯಬೇಕು. ಆಗಲೂ ಕಹಿ ಹೋಗದಿದ್ದರೆ ಎಸೆದುಬಿಡುತ್ತೇನೆ.

ಚರ್ಮಕ್ಕೆ ಹಚ್ಚುವಾಗಲೂ ಇದೇ ಕ್ರಮ. ಹಳದಿ ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಬರುತ್ತದೆ. ಶುದ್ಧ ಲೋಳೆಯೇ ಆಗದವರೂ ಇದ್ದಾರೆ. ಹೊಸದಾಗಿ ಬಳಸುವವರು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯುವುದು ಒಳ್ಳೆಯದು.

ನನಗೆ ಇದರಿಂದ ಅತಿ ಹೆಚ್ಚು ಉಪಕಾರ ಆದದ್ದು ಸಣ್ಣ ಸುಟ್ಟ ಗಾಯಗಳಿಗೆ. ಹಬೆ ತಾಗಿ ಬೆರಳು ಕೆಂಪಾದರೆ ಮೊದಲು ಲೋಳೆ ಅಲ್ಲ, ನಲ್ಲಿಯ ತಣ್ಣೀರು. 20 ನಿಮಿಷ ಹರಿಯುವ ನೀರಿನ ಕೆಳಗೆ ಹಿಡಿಯುತ್ತೇನೆ. ಚರ್ಮದೊಳಗಿನ ಬಿಸಿ ಇಳಿಯುವುದು ಅದರಿಂದಲೇ. ಆಮೇಲೆ ತೆಳ್ಳಗೆ ಲೋಳೆ ಹಚ್ಚಿದರೆ ಉರಿ ತಗ್ಗುತ್ತದೆ, ಚರ್ಮ ಬಿಗಿಯುವುದಿಲ್ಲ. ಬಿಸಿಲಿಗೆ ಕೆಂಪಾದ ಕುತ್ತಿಗೆಗೂ ಹಾಗೆಯೇ. ದೊಡ್ಡ ಸುಟ್ಟ ಗಾಯ, ಮುಖದ ಗಾಯ, ಒಡೆದ ಬೊಬ್ಬೆ, ಚರ್ಮ ಬೆಳ್ಳಗೋ ಕಪ್ಪಗೋ ಆದ ಗಾಯ: ಇವಕ್ಕೆ ಗಿಡದ ಹತ್ತಿರ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ಆಪರೇಷನ್ನಿನ ಹೊಲಿಗೆ ಮೇಲೂ ಹಚ್ಚಬೇಡಿ. 1991ರ ಒಂದು ಅಧ್ಯಯನದಲ್ಲಿ ಆಪರೇಷನ್ನಿನ ಗಾಯಗಳು ಲೋಳೆಸರದ ಜೆಲ್ ಹಚ್ಚಿದಾಗ ಮಾಯಲು ಇನ್ನೂ ಜಾಸ್ತಿ ದಿನ ತೆಗೆದುಕೊಂಡವು.

ತಲೆಗೆ ಹಚ್ಚಿದರೆ ನನಗೆ ನೆತ್ತಿಯ ಒಣ ತುರಿಕೆ ಕಡಿಮೆಯಾಯಿತು. ಕೂದಲೇನೂ ಜಾಸ್ತಿ ಬೆಳೆಯಲಿಲ್ಲ.

ಕುಡಿಯುವುದರ ಬಗ್ಗೆ ಜನ ನನ್ನನ್ನು ಜಾಸ್ತಿ ಕೇಳುತ್ತಾರೆ. ಲೋಳೆಯ 100 ಪಾಲಿನಲ್ಲಿ ಸುಮಾರು 99 ಪಾಲು ನೀರು. ಉಳಿದದ್ದರಲ್ಲಿ ಅದಕ್ಕೆ ಆ ಜಾರುವ ಗುಣ ಕೊಡುವ ಸಕ್ಕರೆ ಜಾತಿಯ ನಾರುಗಳಿವೆ. ನಾನು ಅಪರೂಪಕ್ಕೆ ಎರಡು ಚಮಚ ತೊಳೆದ ಲೋಳೆ ತಿನ್ನುತ್ತೇನೆ, ಅಷ್ಟೇ. ದಿನಾ ಕುಡಿಯುವ ಅಭ್ಯಾಸ ಬಿಟ್ಟಿದ್ದೇನೆ. ಎಲ್ಲ ಕಾಯಿಲೆಗೂ ಇದೊಂದೇ ಸಾಕು ಎಂಬ ಮಾತು ಕೇಳಿದಾಗ ನನಗೆ ಭಯವಾಗುತ್ತದೆ. ಗರ್ಭಿಣಿಯರು, ಮೊಲೆಹಾಲು ಕೊಡುವವರು ಮತ್ತು ಚಿಕ್ಕ ಮಕ್ಕಳಿಗೆ ಹೊಟ್ಟೆಗೆ ಕೊಡಲೇಬಾರದು. ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಮಟ್ಟ ಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು. ಭೇದಿಯಾದರೆ ದೇಹದ ಪೊಟ್ಯಾಸಿಯಂ ಕಡಿಮೆಯಾಗುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಅದು ಅಪಾಯ. ಕಿಡ್ನಿ ತೊಂದರೆ ಇದ್ದವರೂ ದೂರ ಇರಬೇಕು. ಯಾವುದೇ ಮಾತ್ರೆ ದಿನಾ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬೇಡಿ.

ಉಳಿದ ಲೋಳೆ ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ನಾಲ್ಕೈದು ದಿನ ಇರುತ್ತದೆ. ಬಣ್ಣ ಕಂದಾದರೆ ಅಥವಾ ಹುಳಿ ವಾಸನೆ ಬಂದರೆ ಎಸೆಯುತ್ತೇನೆ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟರೆ ಇನ್ನೂ ಹೆಚ್ಚು ದಿನ. ಬಾಟಲಿಯ ಜೆಲ್ ಕೊಳ್ಳುವುದಾದರೆ ಹಸಿರು ಬಣ್ಣಕ್ಕೆ ಮರುಳಾಗಬೇಡಿ, ಲೋಳೆಗೆ ಬಣ್ಣವೇ ಇಲ್ಲ.

ಗಿಡವನ್ನೂ ಗುರುತು ಹಿಡಿಯಬೇಕು. ಕತ್ತಾಳೆ ದೂರದಿಂದ ಹೀಗೆಯೇ ಕಾಣುತ್ತದೆ. ಆದರೆ ಅದರ ಎಲೆ ನಾರುನಾರು, ತುದಿಯಲ್ಲಿ ಗಟ್ಟಿ ಮುಳ್ಳು, ರಸ ತಾಗಿದರೆ ಚರ್ಮ ಉರಿಯುತ್ತದೆ. ಲೋಳೆಸರದ ಜಾತಿಯಲ್ಲೇ ಕೆಲವು ವಿಷದ ಗಿಡಗಳಿವೆ. ಅಂದಕ್ಕೆ ಬೆಳೆಸಿದ ಗಿಡದಿಂದ ಸುಮ್ನೆ ಎಲೆ ಕಿತ್ತು ತಿನ್ನಬಾರದು.

ನನ್ನ ಕುಂಡದಲ್ಲಿ ಬುಡದ ಸುತ್ತ ಮರಿಗಳು ಏಳುತ್ತಲೇ ಇರುತ್ತವೆ. ನೀರು ಜಾಸ್ತಿ ಹಾಕದಿದ್ದರೆ ಸಾಕು, ಬದುಕಿಕೊಳ್ಳುತ್ತವೆ. ಮರಿ ಕೇಳಿಕೊಂಡು ಬಂದವರ ಮುಂದೆ ತಾಯಿಗಿಡದ ಒಂದು ಎಲೆ ಕೊಯ್ದು ಲೋಟದಲ್ಲಿ ನಿಲ್ಲಿಸುತ್ತೇನೆ. ತಳದಲ್ಲಿ ಹಳದಿ ರಸ ಸೇರುವುದನ್ನು ಅವರು ಕಣ್ಣಾರೆ ನೋಡಿದ ಮೇಲೆಯೇ ಮರಿಯನ್ನು ಅವರ ಕೈಗೆ ಕೊಡುತ್ತೇನೆ.