ಕಾರ್ಕ್ ಹಳ್ಳಿಯಲ್ಲಿ ಬೆಣ್ಣೆ ತೆಗೆಯುವಾಗ ಪಾಲಿಸಿದ ಪದ್ಧತಿಗಳು

ಐರ್ಲೆಂಡಿನ ಕಾರ್ಕ್ ಕಡೆ ಹಳ್ಳಿಯಲ್ಲಿದ್ದೇನೆ. ಬೆಣ್ಣೆ ತೆಗೆಯುವುದು ಇಲ್ಲಿನ ಹಳೇ ಮರದ ಪೀಪಾಯಿಯಲ್ಲೇ. ಮುಚ್ಚಳದ ತೂತಿನಲ್ಲಿ ಉದ್ದನೆ ಕೋಲು ಇರುತ್ತದೆ. ನಮ್ಮ ಕಡಗೋಲಿನ ಹಾಗೆ ತಿರುಗಿಸುವುದಲ್ಲ, ಮೇಲೆ ಕೆಳಗೆ ಕುಟ್ಟಬೇಕು. ತೋಳು ಬಿದ್ದುಹೋಗುತ್ತದೆ.

ಕೆನೆಯನ್ನು ಮೊದಲು ಹುಳಿ ಬರಲು ಬಿಡುತ್ತೇನೆ. ಪಕ್ಕದ ಮನೆ ಅಜ್ಜಿ ಕಲಿಸಿದಂತೆ ಪೀಪಾಯಿಗೆ ರೋವನ್ ಅನ್ನೋ ಮರದ (ಮಾಟ ತಡೆಯುತ್ತದೆ ಅಂತ ಇಲ್ಲಿನ ನಂಬಿಕೆ) ಕಡ್ಡಿ ಸುತ್ತುತ್ತೇನೆ, ಅಡಿಯಲ್ಲಿ ಕತ್ತೆ ಲಾಳ ಇಡುತ್ತೇನೆ. ಕಡೆಯುವಾಗ ಮನೆಯಿಂದ ಬೆಂಕಿ ಹೊರಗೆ ಹೋಗಬಾರದಂತೆ, ಹಚ್ಚಿದ ಪೈಪ್ ಕೂಡ! ಒಳಗೆ ಬಂದವರು ‘ದೇವರು ಈ ಕೆಲಸಕ್ಕೆ ಒಳ್ಳೇದು ಮಾಡಲಿ’ ಅಂದು ಒಂದಷ್ಟು ಹೊತ್ತು ಕೋಲು ಹಿಡಿಯಲೇಬೇಕು. ಸುಮ್ನೆ ನೋಡಿ ಹೋದರೆ ಬೆಣ್ಣೆಯನ್ನೂ ಜೊತೆಗೆ ಒಯ್ದರು ಅಂತ ಅನುಮಾನ.

ಬೆಣ್ಣೆ ಮಾರಿದ ದುಡ್ಡಲ್ಲೇ ಜಮೀನಿನ ಬಾಡಿಗೆ ಕಟ್ಟುತ್ತಿದ್ದ ಜನ, ಯಾರಾದರೂ ಮಾಟ ಮಾಡಿ ಬೆಣ್ಣೆ ಕದಿಯುತ್ತಾರೆ ಅನ್ನೋ ಭಯ ಇರದೇ ಇರುತ್ತದಾ? 1770ರಲ್ಲಿ ಶುರುವಾಗಿ 1924ರವರೆಗೆ ನಡೆದ ಕಾರ್ಕ್ ಬೆಣ್ಣೆ ಮಾರುಕಟ್ಟೆಯಿಂದ ಇಲ್ಲಿನ ಬೆಣ್ಣೆ ಹಡಗು ಹತ್ತಿ ದೂರದ ದೇಶಗಳಿಗೆ ಹೋಗುತ್ತಿತ್ತು. ಮೇ 1 ಅಂದರೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ. ಅವತ್ತು ಬೆಳಗ್ಗೆ ಯಾರಾದರೂ ಹೆಂಗಸು ನಿಮ್ಮ ಹೊಲದ ಇಬ್ಬನಿಯನ್ನು ಬಟ್ಟೆಯಲ್ಲಿ ಹೀರಿಕೊಂಡು ಹೋದರೆ ವರ್ಷದ ಬೆಣ್ಣೆಯೆಲ್ಲ ಅವಳ ಪಾಲು, ಮಾಟಗಾತಿ ಮೊಲವಾಗಿ ಬಂದು ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತಾಳೆ, ಹೀಗೆಲ್ಲ ನಂಬಿಕೆ. ಅವತ್ತು ಹಾಲು, ಬೆಂಕಿ ಯಾರಿಗೂ ಕೊಡುತ್ತಿರಲಿಲ್ಲ.

ನನ್ನ ಅನುಭವದಲ್ಲಿ ಬೆಣ್ಣೆಯ ಕಳ್ಳ ಚಳಿ. ಕೆನೆ ಸುಮಾರು 15 ಡಿಗ್ರಿ ಇದ್ದರೆ ಸಲೀಸು. ತೀರಾ ತಣ್ಣಗಿದ್ದರೆ ಎಷ್ಟು ಕುಟ್ಟಿದರೂ ಬರೀ ನೊರೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ನೆರೆಮನೆಯವರ ಮೇಲೆ ಗೂಬೆ ಕೂರಿಸದೆ ಇನ್ನೇನು ಮಾಡುತ್ತಾರೆ? ಬೆಣ್ಣೆ ಬರದಿದ್ದರೆ ನೇಗಿಲಿನ ಕಬ್ಬಿಣವನ್ನು ಒಲೆಯಲ್ಲಿ ಕೆಂಪಗೆ ಕಾಯಿಸುತ್ತಿದ್ದರಂತೆ, ಕದ್ದವರಿಗೆ ಮೈ ಉರಿಯಲಿ ಅಂತ. ನನಗನ್ನಿಸುವುದು, ಅಷ್ಟು ಬೆಂಕಿ ಹಾಕಿದ ಮೇಲೆ ಕೋಣೆಯೂ ಕೆನೆಯೂ ಒಂಚೂರು ಬೆಚ್ಚಗಾಗಿ ಎಷ್ಟೋ ಸಲ ಬೆಣ್ಣೆ ಬಂದೇ ಬಿಟ್ಟಿರಬೇಕು, ಅಲ್ವಾ? ನಾನು ಪೀಪಾಯಿಗೆ ಸ್ವಲ್ಪ ಬಿಸಿನೀರು ಸುರಿಯುತ್ತೇನೆ. ಇದೂ ಇಲ್ಲಿನವರ ಹಳೇ ಉಪಾಯವೇ.

ಕುಟ್ಟುವ ಸದ್ದು ಬದಲಾಗಿ ಕಾಳು ಕಾಳಾಗಿ ಬೆಣ್ಣೆ ಕಂಡರೆ ನಿಲ್ಲಿಸಿ. ಮಜ್ಜಿಗೆ ಬಸಿದು ಸೋಡಾ ಬ್ರೆಡ್ಡಿಗೆ ಇಟ್ಟುಕೊಳ್ಳಿ. ಬೆಣ್ಣೆಯನ್ನು ತಣ್ಣೀರಲ್ಲಿ ನೀರು ತಿಳಿಯಾಗುವವರೆಗೆ ತೊಳೆದು, ಹಿಂಡಿ, ಉಪ್ಪು ಬೆರೆಸಿ. ರೋವನ್ ಕಡ್ಡಿ ಬಿಟ್ಟರೂ ನಡೆಯುತ್ತದೆ, ಆದರೆ ಬಂದವರ ಕೈಗೆ ಕೋಲು ಕೊಡುವ ಪದ್ಧತಿ ಮಾತ್ರ ನಾನು ಬಿಡುವುದಿಲ್ಲ, ಅಂಚೆಯವರು ಬಂದರೂ ಸರಿಯೇ.