ಮನೆಯ ಹಳೆಯ ಫಿಲ್ಮ್ ರೀಲುಗಳನ್ನು ಡಿಜಿಟಲ್‌ಗೆ ಇಳಿಸಿದ ನನ್ನ ಅನುಭವ

ಮನೆಯವರು ಹಿಂದೆ ತೆಗೆದಿದ್ದ ರೀಲುಗಳನ್ನು ಡಿಜಿಟಲ್‌ಗೆ ಇಳಿಸಲು ಹೊರಟಾಗ, ಒಮ್ಮೆಯೂ ಅವನ್ನು ಪ್ರೊಜೆಕ್ಟರಿಗೆ ಏರಿಸುವುದಿಲ್ಲವೆಂದು ಮೊದಲೇ ನಿಶ್ಚಯಿಸಿಕೊಂಡೆ. ದಶಕಗಳ ಕಾಲ ಸುತ್ತಿಟ್ಟ ಫಿಲ್ಮು ಕುಗ್ಗಿರುತ್ತದೆ. ಯಂತ್ರದ ಹಲ್ಲು ಫಿಲ್ಮಿನ ಅಂಚಿನ ರಂಧ್ರವನ್ನು ಹಿಡಿದೆಳೆದರೆ ಅಂಚು ಹರಿಯುವ ಸಂಭವ ಹೆಚ್ಚು.

ನಮ್ಮಲ್ಲಿ ಎರಡು ಬಗೆಯವು ಇದ್ದವು: 1932ರಲ್ಲಿ ಕೊಡಾಕ್ ತಂದ 8 ಮಿ.ಮೀ. ಮತ್ತು 1965ರಲ್ಲಿ ಬಂದ ಸೂಪರ್ 8. ಅಗಲ ಒಂದೇ ಆದರೂ ಸೂಪರ್ 8ರ ರಂಧ್ರಗಳು ಚಿಕ್ಕವು, ಆದ್ದರಿಂದ ಚಿತ್ರಕ್ಕೆ ಹೆಚ್ಚು ಜಾಗ ಸಿಗುತ್ತದೆ. ಭೂತಗನ್ನಡಿಯಲ್ಲಿ ನೋಡಿ ಅವನ್ನು ಬೇರ್ಪಡಿಸಿದೆ.

ಅತಿ ಹೆಚ್ಚು ಹೊತ್ತು ಹಿಡಿದದ್ದು, ಹಿಡಿಯಬೇಕಾದದ್ದೂ, ಸ್ಕ್ಯಾನಿಂಗ್‌ಗೆ ಮುಂಚಿನ ಪರಿಶೀಲನೆ. ಹತ್ತಿಯ ಕೈಗವಸು ತೊಟ್ಟು, ಅಂಚನ್ನಷ್ಟೇ ಹಿಡಿದು, ಪ್ರತಿ ರೀಲನ್ನೂ ಕೈಯಿಂದ ನಿಧಾನವಾಗಿ ಸುತ್ತುತ್ತಾ, ಹಳೆಯ ಅಂಟು ಬಿಟ್ಟಿದ್ದ ಜೋಡಣೆಗಳನ್ನು ಸ್ಪ್ಲೈಸಿಂಗ್ ಟೇಪಿನಿಂದ ಹೊಸದಾಗಿ ಬೆಸೆದು, ಎಳೆ ಬಿಡದ ಮೃದು ಬಟ್ಟೆಯಿಂದ ಧೂಳು ಒರೆಸಿದೆ. ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಪಟ್ಟಿಯ ಪ್ಲಾಸ್ಟಿಕ್ಕಾದ ಅಸಿಟೇಟ್ ಕೊಳೆಯಲಾರಂಭಿಸಿದೆ ಎಂದರ್ಥ. ಅದನ್ನು ತಡೆದು ನಿಲ್ಲಿಸಲಾಗದು. ಅಂಥ ರೀಲುಗಳನ್ನು ಪ್ರತ್ಯೇಕಿಸಿ, ಅವುಗಳನ್ನೇ ಮೊದಲು ಸ್ಕ್ಯಾನ್ ಮಾಡಿದೆ.

ಹಲ್ಲಿಲ್ಲದ ಉರುಳೆಗಳ ಮೇಲೆ ಫಿಲ್ಮನ್ನು ಸಾಗಿಸಿ, ಒಂದೊಂದೇ ಫ್ರೇಮಿನ ಚಿತ್ರ ತೆಗೆಯುವ ಸ್ಕ್ಯಾನರನ್ನು ಬಳಸಿದೆ. ಸೂಪರ್ 8ರ 50 ಅಡಿಯ ರೀಲಿನಲ್ಲಿ 3600 ಫ್ರೇಮುಗಳಿರುತ್ತವೆ, ಸೆಕೆಂಡಿಗೆ 18ರಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡು. ಚಿತ್ರದ ಸುತ್ತಲಿನ ಅಂಚು ಮತ್ತು ರಂಧ್ರವೂ ಸೆರೆಯಾಗುವಂತೆ ಚೌಕಟ್ಟನ್ನು ಹಿಗ್ಗಿಸಿಟ್ಟದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಓಲಾಡುವ ಚಿತ್ರವನ್ನು ಸ್ಥಿರಗೊಳಿಸಲು ಆ ರಂಧ್ರವೇ ಆಧಾರ. ಫೋಕಸನ್ನು ಮುಖಗಳ ಮೇಲಲ್ಲ, ಚಿತ್ರವನ್ನು ರೂಪಿಸುವ ಫಿಲ್ಮಿನ ಸೂಕ್ಷ್ಮ ಕಣಗಳ (ಗ್ರೇನ್) ಮೇಲೆ ಹೊಂದಿಸಬೇಕು. ಚಿತ್ರೀಕರಣವೇ ಮಸುಕಾಗಿದ್ದರೂ ಕಣಗಳು ಸ್ಪಷ್ಟವಾಗಿ ಕಾಣುತ್ತವೆ.

ವೇಗದ ವಿಷಯದಲ್ಲಿ ನಾನು ಹಟ ಹಿಡಿದೆ. ಸೆಕೆಂಡಿಗೆ 16 ಅಥವಾ 18 ಫ್ರೇಮಿನಲ್ಲಿ ತೆಗೆದದ್ದನ್ನು 25ರಲ್ಲಿ ಹಾಗೆಯೇ ಓಡಿಸಿದರೆ ಅಜ್ಜಿಯ ನಡಿಗೆ ಓಟವಾಗುತ್ತದೆ. ಅವರು ನಡೆದಂತೆಯೇ ನಡೆಯಬೇಕೆಂಬುದು ನನ್ನ ಆಸೆ. ಹಾಗಾಗಿ ಮೂಲ ವೇಗವನ್ನೇ ಉಳಿಸಿಕೊಂಡೆ. ಕೊಡಾಕ್‌ನ ಬಣ್ಣದ ಫಿಲ್ಮಾದ ಕೊಡಾಕ್ರೋಮ್ ರೀಲುಗಳು ಕತ್ತಲಲ್ಲಿದ್ದುದರಿಂದ ಬಣ್ಣ ಉಳಿಸಿಕೊಂಡಿದ್ದವು, ಬೇರೆ ಕೆಲವು ಕೆಂಪಿಗೆ ತಿರುಗಿದ್ದವು. ಬಣ್ಣ ತಿದ್ದಿದ್ದು ಪ್ರತಿಯಲ್ಲಿ ಮಾತ್ರ.

ತಿದ್ದದ ಫ್ರೇಮುಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟು, ನೆಂಟರಿಗೆ ಎಂಪಿ4 ಪ್ರತಿಗಳನ್ನು ಕೊಟ್ಟೆ. ರೀಲುಗಳನ್ನು ಎಸೆಯಲಿಲ್ಲ, ಗಾಳಿಯಾಡುವ ಡಬ್ಬಿಗಳಲ್ಲಿ, ತಂಪಾದ ಒಣ ಜಾಗದಲ್ಲಿ, ವಿನೆಗರ್ ವಾಸನೆಯವನ್ನು ಉಳಿದವುಗಳಿಂದ ದೂರವಿಟ್ಟು ಕಾಪಾಡುತ್ತಿದ್ದೇನೆ.